ಗಡ್ಡಿ ಏನ್ ತಿಂದು ಬೆಳೀತದ?

ಅತ್ತಿಯವರಿಗೆ,

ಒಂದೇ ಮನೆಯಲ್ಲಿದ್ದಾಗ ಪತ್ರ ಬರೆಯುವ ಪ್ರಮೇಯ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ನಿಂಬರ್ಗಾದಿಂದ ಕಲಬುರಗಿ ಆಸ್ಪತ್ರೆಗೆ ಹೋದ ದಿನ ನೆನಪಿದೆ. ಮೂತ್ರದಲ್ಲಿ ರಕ್ತ ಹೋಗುತ್ತಿದ್ದುದನ್ನು ನೀವು ತೊಗರಿ ರಾಶಿ ಮುಗಿಯುವ ತನಕ ಮುಚ್ಚಿಟ್ಟಿದ್ದಿರಿ. ನೋವೇ ಇರಲಿಲ್ಲವಲ್ಲ. ಮೂತ್ರಪಿಂಡದಲ್ಲಿ ಗಡ್ಡೆ, ಶ್ವಾಸಕೋಶಕ್ಕೂ ಹಬ್ಬಿದೆ ಎಂದರು ಡಾಕ್ಟರು. ನಿಮ್ಮ ಮಗ ನನ್ನನ್ನು ಬದಿಗೆ ಕರೆದು, "ಅವ್ವಗ ಹೇಳಬ್ಯಾಡ. ಕಿಡ್ನ್ಯಾಗ ಹಳ್ಳು, ಸಣ್ಣ ಕಲ್ಲು ಆಗೇದ ಅಂತ ಅನ್ನು," ಎಂದರು.

ಮರಳುವಾಗ ಬಸ್ಸಿನಲ್ಲಿ, ಅವರು ಮುಂದಿನ ಸೀಟಿನಲ್ಲಿ ನಿದ್ದೆ ಹೋದ ಮೇಲೆ, ನೀವೇ ಕೇಳಿದಿರಿ. "ಖರೇ ಹೇಳು ಬೇ. ಡಾಕ್ಟರ್ ಗಡ್ಡಿ ಅಂದದ್ದು ನನಗ ಕೇಳಸೇದ. ಉಂಡದ್ದು ನನ್ನ ಮೈಗೆ ಹತ್ತವಲ್ದು. ಆ ಗಡ್ಡಿ ಏನ್ ತಿಂದು ಬೆಳೀತದ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಡಾಕ್ಟರು ವಿವರಿಸಿದ್ದನ್ನೇ ಹೇಳಿದೆ. ಒಂದು ಜೀವಕೋಶ ಹದ್ದು ಮೀರಿ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಗುಂಡುಸೂಜಿಯ ತಲೆಯಷ್ಟಾಗುವವರೆಗೆ ಸುತ್ತಲಿಂದ ಜಿನುಗಿದ್ದೇ ಅದಕ್ಕೆ ಸಾಕು. ಆಮೇಲೆ ಸಾಲದು. ಆಗ ಅದೊಂದು ರಸ ಬಿಡುತ್ತದೆ. ಹತ್ತಿರದ ರಕ್ತನಾಳಗಳು ಹೊಸ ಕವಲೊಡೆದು ಅದರ ಕಡೆಗೇ ಬೆಳೆಯುತ್ತವೆ. ಆ ನಾಳಗಳಲ್ಲೇ ಅದಕ್ಕೆ ಊಟ. ಆ ದಾರಿಯಲ್ಲೇ ಅದರ ಕೋಶಗಳು ಬೇರೆ ಕಡೆಗೂ...

"ಅಂದ್ರ ನನ್ನ ರಕ್ತಾನೇ ಹೋಗಿ ಉಣಸ್ತು," ಎಂದಿರಿ. ಮುಂದಿನ ಸೀಟಿನಲ್ಲಿ ಮಲಗಿದ್ದ ಮಗನ ಕಡೆ ನೋಡಿ, "ನನಗ ಗೊತ್ತದ ಅಂತ ಅವಗ ಹೇಳಬ್ಯಾಡ."

ಹೊಸ ನಾಳ ಬೆಳೆಯದಂತೆ ತಡೆಯುವ ಗುಳಿಗೆ ಶುರುವಾಯಿತು. ಗಡ್ಡೆ ಕುಗ್ಗಿತು, ಅದೇ ಗುಳಿಗೆಯಿಂದ ನಿಮ್ಮ ಅಂಗೈಗಳೂ ಸುಲಿದವು. ಒಂದು ಮುಂಜಾನೆ ರೊಟ್ಟಿ ಬಡಿಯಲಾಗದೆ ಹಿಟ್ಟಿನ ಪರಾತ ನನ್ನ ಕಡೆ ಸರಿಸಿದಿರಿ. "ನಿನ್ನ ರೊಟ್ಟಿ ದಪ್ಪ ಆಗ್ತಾವ. ಆಗಲಿ, ಬಡಿ." ಮದುವೆಯಾಗಿ ಬಂದ ಮೇಲೆ ಆ ಒಲೆಯ ಮುಂದೆ ನಾನು ಕೂತದ್ದು ಅಂದೇ ಮೊದಲು. ನಿಮ್ಮ ಮಗ, "ಹಳ್ಳು ಕರಗಾಕತ್ತದ, ಅವ್ವ," ಎಂದಾಗ ನೀವು, "ಹೌದಪ್ಪ, ಹಗುರ ಅನಸ್ತದ," ಎಂದಿರಿ. ನಾನು ರೊಟ್ಟಿ ತಿರುವುತ್ತಿದ್ದೆ.

ಕೆಲ ತಿಂಗಳಿಗೆ ಗುಳಿಗೆ ನಾಟದಾಯಿತು. ನೀವು ಹೋದಿರಿ. ನಿಮಗೆ ಎಲ್ಲ ಗೊತ್ತಿತ್ತೆಂದು ನಿಮ್ಮ ಮಗನಿಗೆ ನಾನಿನ್ನೂ ಹೇಳಿಲ್ಲ. ಹೇಳಬೇಕೇ?

ಕಳೆದ ವಾರ ಆಳಂದದಲ್ಲಿ ಡಾಕ್ಟರಮ್ಮ ನನ್ನ ಸ್ಕ್ಯಾನ್ ತೋರಿಸಿದರು. "ಇದು ಮಾಸು. ಕೂಸಿಗೆ ನಿನ್ನ ರಕ್ತದಿಂದ ಊಟ ಮುಟ್ಟಸಾಕ ಹೊಸಾ ನಾಳ ಬೆಳದಾವ, ನೋಡು." ನಾನು ಬೆಚ್ಚಿದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ. ನಿಮಗಾದರೆ ತಿಳಿಯುತ್ತಿತ್ತು.

ಐದು ತಿಂಗಳು ತುಂಬಿತು, ಅತ್ತಿ. ಒದೆಯುತ್ತಿದೆ.