ಜೋಥಮ್ ಹಾಕಿದ ಹೊಲಿಗೆ

ವರ್ಮಾಂಟ್, ೧೮೦೩
ಜನವರಿ ೧೧, ಮಂಗಳವಾರ

ಬೆಳಿಗ್ಗೆ ಬೆಣ್ಣೆ ಕಡೆದೆ. ಆಮೇಲೆ ಮದುವೆಯ ಕೌದಿಯನ್ನು ಚೌಕಟ್ಟಿಗೆ ಬಿಗಿದೆವು, ಮಗಳು ಲವಿನಾ ಮತ್ತು ನಾನು. ನೀಲಿ ತುಂಡುಗಳು ಅವಳ ಹಳೆಯ ಲಂಗದವು, ಕಂದು ಅವಳಪ್ಪ ಎಲಿಫಲೆಟ್ ಅವರ ಕೋಟಿನದು. ಒಳಗೆ ನಮ್ಮ ಕುರಿಗಳದೇ ಉಣ್ಣೆ. ಗುರುವಾರ ಊರ ಹೆಂಗಸರೆಲ್ಲ ಕೂತು ಹೊಲಿಯಲು ಬರುತ್ತಾರೆ. ಹಿಮ ಕರಗಿದ ಮೇಲೆ ಜೋಥಮ್ ಜೊತೆ ಅವಳ ಮದುವೆ.

ಲವಿನಾಗೆ ಗಂಟಲು ಕೆರೆತ. ಶೀತ ಇರಬೇಕು.

ಜನವರಿ ೧೩

ಶೀತವಲ್ಲ. ಗಂಟಲೊಳಗೆ ಬೂದು ಪೊರೆ... ಗಂಟಲಮಾರಿ.

ಹೆಂಗಸರು ಯಾರೂ ಬರಲಿಲ್ಲ. ಪಕ್ಕದ ಹೊಲದ ಕೆಜಾಯಾ ಬೇಲಿಯಾಚೆ ನಿಂತು ಕೂಗಿದಳು. “ಮೆಹಿಟಬೆಲ್, ತಪ್ಪು ತಿಳ್ಕೋಬೇಡ ಕಣೇ. ಮನೇಲಿ ಮಕ್ಕಳಿದಾವೆ.”

ತಪ್ಪೇನು ತಿಳಿಯಲಿ. ನಾನೂ ಹೋಗುತ್ತಿರಲಿಲ್ಲ.

ಜನವರಿ ೧೪

ಜೋಥಮ್ ಬಂದ. ಬಾಗಿಲಿಗೆ ಅಡ್ಡ ನಿಂತೆ.

“ಒಳಗೆ ಬರಬೇಡಪ್ಪ. ನಿಮ್ಮವ್ವನಿಗೆ ನೀನೊಬ್ಬನೇ.”

“ಇವಳಿಗೆ ಯಾರಿದಾರೆ ಅತ್ತೆ?”

“ನಾವಿಲ್ವಾ?”

“ಇದೀರಿ. ನಾನೂ ಇರ್ತೀನಿ. ಸ್ವಲ್ಪ ಜರುಗಿ.”

ಬೂಟಿನ ಹಿಮ ಒದರಿ ಒಳಗೇ ಬಂದುಬಿಟ್ಟ. ಎಲಿಫಲೆಟ್ ತಡೆಯಲಿಲ್ಲ. ಗಂಡಸರು ಅಳುವುದು ಕಾಣಬಾರದಲ್ಲ — ಸೌದೆ ತರುತ್ತೇನೆಂದು ಹೊರಟರು.

ಜನವರಿ ೧೫, ಸಂಜೆ

ಲವಿನಾಳ ಹಾಸಿಗೆಯನ್ನು ಒಲೆಯ ಹತ್ತಿರ ಎಳೆದೆವು. ನೀನು ಹೊಲಿಯುವುದನ್ನು ನೋಡಬೇಕು ಅಂದಳು. ಹೊಲಿದೆ. ಜೋಥಮ್ ಎದುರಿಗೆ ಕೂತು ತಾನೂ ಸೂಜಿ ಹಿಡಿದ. ನೇಗಿಲು ಹಿಡಿಯುವ ಕೈ.

“ಏನೋ ಇದು, ಕೋಳಿ ಕೆದರಿದಂಗಿದೆ,” ಎಂದಳು ಲವಿನಾ, ಪಿಸುದನಿಯಲ್ಲಿ. “ಬಿಚ್ಬಿಡವ್ವ.”

“ಬಿಚ್ಚಿದ್ರೆ ನಾನು ಈ ಕೌದೀನೇ ಹೊದಿಯಲ್ಲ,” ಎಂದ ಅವನು.

ನಕ್ಕಳು. ನಗುವಾಗಲೇ ಉಸಿರು ಸಿಕ್ಕಿಕೊಂಡಿತು. ಬೆನ್ನು ತಿಕ್ಕಿದೆ. ವಿನೆಗರ್, ಜೇನು, ಬಾತಿನ ಕೊಬ್ಬು... ಯಾವುದೂ ನಾಟುತ್ತಿಲ್ಲ. ದೇವರೇ, ನನ್ನ ಗಂಟಲು ತಗೋ.

ಜನವರಿ ೧೯

ಹೂತೆವು.

ನೆಲ ಕಲ್ಲಾಗಿತ್ತು. ಮೇಲೆ ಬೆಂಕಿ ಹಾಕಿ, ಕರಗಿಸಿ ಕರಗಿಸಿ ಅಗೆದರು ಅವರಿಬ್ಬರೂ. ಕೌದಿ ಮುಗಿದಿರಲಿಲ್ಲ. ಚೌಕಟ್ಟಿನಿಂದ ಕತ್ತರಿಸಿ ಹಾಗೇ ಹೊದಿಸಿದೆ, ಜೋಥಮ್‌ನ ಹೊಲಿಗೆ ಎದೆಯ ಮೇಲೆ ಬರುವಂತೆ.

“ಒಳ್ಳೇ ಉಣ್ಣೆ. ಬೆಚ್ಚಗಿರ್ತಾಳೆ,” ಅಂದರು ಎಲಿಫಲೆಟ್. ಕೊಟ್ಟಿಗೆಗೆ ಹೋದವರು ಊಟಕ್ಕೂ ಬರಲಿಲ್ಲ.

ಜನವರಿ ೨೨

ಜೋಥಮ್ ಇನ್ನೂ ಇಲ್ಲೇ. ಮನೆಗೆ ಹೋಗಪ್ಪ ಎಂದರೆ, “ರೋಗ ಹೊತ್ಕೊಂಡು ಅವ್ವನ ಹತ್ರ ಹೋಗ್ಲಾ ಅತ್ತೆ?” ಅನ್ನುತ್ತಾನೆ.

ಅವನ ತಾಯಿ ದಿನಾ ಬಂದು ದಾರಿಯ ತಿರುವಿನಲ್ಲಿ ನಿಲ್ಲುತ್ತಾಳೆ. ಹತ್ತಿರ ಬರಲು ಇವನು ಬಿಡುವುದಿಲ್ಲ. “ಹುಷಾರಾಗಿದೀಯೇನೋ?” ಎಂದು ಅಲ್ಲಿಂದಲೇ ಕೂಗುತ್ತಾಳೆ. “ಹೂಂ ಅವ್ವ,” ಎಂದು ಇವನು ಬಾಗಿಲಿನಿಂದ.

ಜನವರಿ ೨೪, ಬೆಳಿಗ್ಗೆ

ಜೋಥಮ್ ಗಂಜಿ ಕುಡಿಯಲಿಲ್ಲ. ಬಿಸಿ ಜಾಸ್ತಿ ಅಂದ. ಬಟ್ಟಲು ಮುಟ್ಟಿ ನೋಡಿದೆ. ತಣ್ಣಗಿತ್ತು.

“ಬೆಳಕಿಗೆ ಬಾ. ಬಾಯಿ ತೆಗಿ.”

“ಮೊದ್ಲು ಅವ್ವ ಬಂದು ಹೋಗ್ಲಿ ಅತ್ತೆ.”

ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಅವಳು ಆಗಲೇ ಬಂದಳು, ತಿರುವಿನಲ್ಲಿ ನಿಂತಿದ್ದಾಳೆ. ಕೂಗಿದಳು. ಇವನು ಬಾಗಿಲಲ್ಲಿ ಕೈ ಎತ್ತಿದ. ಇನ್ನೊಮ್ಮೆ ಕೂಗುತ್ತಿದ್ದಾಳೆ — ಇವನ ದನಿ ಏಳುತ್ತಿಲ್ಲ — ನನ್ನ ಕಡೆ ತಿರುಗಿ ನೋಡುತ್ತಿದ್ದಾನೆ, ನಾನೇ ಏನಾದರೂ ಕೂಗಿ ಹೇಳಲಿ ಎಂದು