ಟ್ರಂಕಿನ ಗಾಳಿಯನ್ನು ಅಳೆದವರಿಗೆ

ಮನೆಗಾಳಿಯ ತಪಾಸಣೆ ನಡೆಸಿದ ಮಾನ್ಯ ಅಧಿಕಾರಿಗಳೇ,

ಚಿಕ್ಕೋಡಿಯ ಅಂಚಿನ ನಮ್ಮ ಬಡಾವಣೆಯಲ್ಲಿ ರೇಡಾನ್ ಅನಿಲದ ಭಯವಿಲ್ಲ, ಎಲ್ಲ ಮನೆಗಳೂ ‘ಸುರಕ್ಷಿತ’ ಎಂದು ನೀವು ಕೊಟ್ಟ ಕಾಗದಕ್ಕೆ ಆಧಾರವೇ ಇಲ್ಲ. ಇದು ಬಯಲಾದದ್ದು ನಮ್ಮ ಎದುರುಮನೆಯ ಕೆಂಚವ್ವನ ಬಾಯಿಂದ. ಹೋದ ಸೋಮವಾರ ಸಂಜೆ, ಭಜನೆ ಮುಗಿದು ಚುರುಮುರಿ ಹಂಚುವಾಗ. ಪಾಪ, ಅವರು ಹೇಳಹೊರಟದ್ದು ನಗೆಯ ಕಥೆ.

ನಮ್ಮದು ಗುಡ್ಡದ ಇಳಿಜಾರು. ಪ್ರತಿ ಮನೆಗೂ ಬಂಡೆ ಕೊರೆದು ಮಾಡಿದ ಕೆಳಗಿನ ಖೋಲಿಯೊಂದಿದೆ, ನೆಲಮಾಳಿಗೆಯ ಹಾಗೆ. ನೆಲದ ಬಿರುಕಿನಿಂದ ಏಳುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಇದೆಲ್ಲ ನಿಮಗೆ ಗೊತ್ತಿತ್ತು. ಆದರೆ ಅಳೆಯುವ ಡಬ್ಬಿ ಹಂಚಿದ ನಿಮ್ಮ ಸಿಬ್ಬಂದಿ ನಮಗೆ ಹೇಳಿದ್ದು ಒಂದೇ ಮಾತು: “ಸರಕಾರದ್ದೈತ್ರಿ, ಕಳೀಬ್ಯಾಡ್ರಿ.”

ಕಳೆಯಲಿಲ್ಲ ಸ್ವಾಮಿ.

“ಮ್ಯಾಲಿನ ಅಟ್ಟದ ಟ್ರಂಕಿನ್ಯಾಗ ಇಟ್ಟಿದ್ನಿ, ನನ್ನ ಮದವಿ ಸೀರಿ ನಡುವ, ನುಸಿ ಹಿಡೀಬಾರದಂತ ಡಾಂಬರ ಗುಳಿಗಿ ಹಾಕಿ,” ಎಂದರು ಕೆಂಚವ್ವ. “ಇಲಿ ಸೈತ ಮೂಸಿಲ್ಲ ನೋಡ್ರಿ!”

“ನಂದು ಗೋದಿ ಡಬ್ಬದಾಗ ಇತ್ತಬೇ. ನಿಂದಕ್ಕಿಂತ ಭದ್ರ!” ಎಂದರು ಪಕ್ಕದ ಮನೆಯ ಸಕೀನಾಬಿ.

ಎಲ್ಲರೂ ನಕ್ಕರು. ಎಲ್ಲರ ಮನೆಯಲ್ಲೂ ಆದದ್ದು ಅದೇ.

“ಕೇಳ್ರಿ ಮುಂದ,” ಎಂದರು ಕೆಂಚವ್ವ. “ತಿರುಗಿ ಒಯ್ಯಾಕ ಬಂದಾಂವ ಡಬ್ಬಿ ಮೂಸಿ ನೋಡಿ, ‘ಏನ್ರಿ ಆಯಿ, ಸರಕಾರದ ಡಬ್ಬಿಗೆ ಅತ್ತರ ಹಚ್ಚೀರೇನು?’ ಅಂದ. ನಕ್ಕೊಂತ ಚೀಲದಾಗ ಹಾಕ್ಕೊಂಡು ಹ್ವಾದ.”

ಸಕೀನಾಬಿ ಮಾತ್ರ ಈ ಸಲ ನಗಲಿಲ್ಲ. “ಅಂದ್ರ ಕೆಳಗಿನ ಖೋಲ್ಯಾಗ ಏನೈತಿ ಅಂತ ಯಾರೂ ನೋಡೇ ಇಲ್ಲೇನಬೇ?”

ಕೆಂಚವ್ವನ ಕೈ ಚುರುಮುರಿಯ ಬುಟ್ಟಿಯಲ್ಲೇ ನಿಂತಿತು. ನಿಮ್ಮ ಕಾಗದ ನಂಬಿ ಅವರು ಮೊಮ್ಮಗಳು ಕೋಮಲಳ ಮಂಚವನ್ನು ಕೆಳಗಿಳಿಸಿದ್ದರು. ಹುಡುಗಿ ಅಲ್ಲೇ ಓದುತ್ತಾಳೆ, ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿಕೊಂಡು ಅಲ್ಲೇ ಮಲಗುತ್ತಾಳೆ.

ಡಬ್ಬಿಯನ್ನು ಟ್ರಂಕಿನಲ್ಲಿಟ್ಟದ್ದು ನಮ್ಮ ದಡ್ಡತನ, ಒಪ್ಪಿದೆ. ವಾಸನೆ ಹಿಡಿದ ಮೇಲೂ ಅದರ ಫಲಿತಾಂಶಕ್ಕೆ ಮುದ್ರೆ ಒತ್ತಿದ್ದು ಯಾವ ಜಾಣತನ? ಇಷ್ಟು ತಿಂಗಳ ವಿಜ್ಞಾನದಿಂದ ನೀವು ಕಂಡುಹಿಡಿದದ್ದು ಕೆಂಚವ್ವನ ಸೀರೆಗಳಿಗೆ ಕ್ಯಾನ್ಸರ್ ಬರುವುದಿಲ್ಲ ಎಂಬುದನ್ನು. ಅಭಿನಂದನೆಗಳು. ನಮ್ಮಜ್ಜ ನೆಲದೊಳಗಿನ ಜೋಳದ ಹಗೇವು ತೆರೆದರೆ ತಕ್ಷಣ ಆಳನ್ನು ಇಳಿಸುತ್ತಿರಲಿಲ್ಲ. ಮೊದಲು ಕಂದೀಲು ಇಳಿಬಿಡುತ್ತಿದ್ದ, ಒಳಗಿನ ಗಾಳಿ ಕೆಟ್ಟಿದ್ದರೆ ಅದು ಆರಲೆಂದು. ಕಂದೀಲು ರೇಡಾನಿಗೆ ಆರುವುದಿಲ್ಲ, ಬಲ್ಲೆ. ಆದರೆ ಅಜ್ಜ ಅದನ್ನು ಹಗೇವಿನೊಳಗೇ ಇಳಿಸುತ್ತಿದ್ದ, ಪಡಸಾಲೆಯ ಗೂಟಕ್ಕೆ ತೂಗುಹಾಕಿ ‘ಸುರಕ್ಷಿತ’ ಎನ್ನುತ್ತಿರಲಿಲ್ಲ. ಅಷ್ಟು ಬುದ್ಧಿಗೆ ಪದವಿ ಬೇಕೆ? ಸರಕಾರಿ ಜೀಪು ಬೇಕೆ?

ಆ ಕಾಗದವನ್ನು ಹಿಂಪಡೆಯಿರಿ. ಕೆಳಗಿನ ಖೋಲಿಗಳಲ್ಲಿ ಡಬ್ಬಿಗಳನ್ನು ನಿಮ್ಮ ಕೈಯಾರೆ ತೂಗುಹಾಕಿ, ಅವು ಏಕೆಂಬುದನ್ನು ಕನ್ನಡದಲ್ಲೂ ಮರಾಠಿಯಲ್ಲೂ ತಿಳಿಸಿ, ಮತ್ತೆ ಅಳೆಯಿರಿ. ಅನಿಲ ಹೆಚ್ಚಿದ್ದರೆ ಅದನ್ನು ಹೊರಹಾಕುವ ದಾರಿ ತೋರಿಸಿ.

ನಾವಂತೂ ಕಾಯಲಿಲ್ಲ: ಆ ಭಜನೆಯ ಮರುದಿನ ಬೆಳಿಗ್ಗೆಯೇ ಎಲ್ಲರೂ ಕಿಟಕಿ ತೆರೆದು ಕೆಳಗಿನ ಮಂಚಗಳನ್ನು ಮೇಲಕ್ಕೆ ಹೊತ್ತರು. “ಆಯಿ, ನನ್ನ ಖೋಲಿ ನನಗ ಬೇಕು,” ಎಂದು ಕೋಮಲ ಮುಖ ಉಬ್ಬಿಸಿದಳು.

“ನಿನಗ ಖೋಲಿ ಬೇಕು, ನನಗ ನೀ ಬೇಕು. ಹಿಡಿ ಮಂಚದ ಕಾಲ,” ಎಂದರು ಕೆಂಚವ್ವ.

ನಮ್ಮ ಅಂಗಳಗಳ ತುಂಬ ಈಗ ಮಂಚಗಳಿವೆ. ಬರುವುದಾದರೆ ನೋಡಿಕೊಂಡು ಬನ್ನಿ, ಎಡವೀರಿ.

ಇಂತಿ,
ನಿಮ್ಮ ಕಾಗದದಲ್ಲಷ್ಟೇ ಸುರಕ್ಷಿತನಾಗಿರುವ
ಲಗಮಣ್ಣ, ಚಿಕ್ಕೋಡಿ