ದೇವರ ಕಾಡಿನಿಂದ ಹೊರಬಂದ ಬುಟ್ಟಿ

ಮಾವ್‌ಸಿಂತ್ಯೂ,
ಅಕ್ಟೋಬರ್ ೧೬, ಗುರುವಾರ

ನನ್ನ ಮುದ್ದಿನ ದಾಪ್ಲಿನ್,

ಓದುವ ಮೊದಲು ಲಕೋಟೆಯ ಬಾಯಿ ನೋಡು. ಅನ್ನದ ಅಂಟು ಹಾಕಿ ಹೆಬ್ಬೆರಳಿನಿಂದ ಒತ್ತಿ ಕಳಿಸಿದ್ದೇನೆ. ಬಿಚ್ಚಿ ಮತ್ತೆ ಅಂಟಿಸಿದ ಹಾಗಿದ್ದರೆ ಅದು ಕಾಗದ ಒಯ್ಯುವ ಸುಮೋ ಡ್ರೈವರನದೇ ಕೆಲಸ, ಅವನ ಮುಖ ಕಂಡರೇ ನನಗಾಗದು. ಹೇಗಿದ್ದೀಯ? ಶಿಲ್ಲಾಂಗಿನಲ್ಲಿ ಚಳಿ ಶುರುವಾಯಿತೇ? ನಾನು ಕಳಿಸಿದ ಒಣಮೀನಿನ ಚಟ್ನಿಯನ್ನು ನೀನೇ ತಿನ್ನುತ್ತಿದ್ದೀಯೋ, ನಿನ್ನ ಕೋಣೆಯ ಇನ್ನೊಬ್ಬ ದಾದಿ ಮುಗಿಸುತ್ತಿದ್ದಾಳೋ? ನನ್ನ ಕೆಮ್ಮು ಹಾಗೇ ಇದೆ, ಮಳೆ ನಿಂತರೂ ಅದು ನಿಂತಿಲ್ಲ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಸಿಗ್ನಲ್ ಸಿಗುವುದು ಪಕ್ಕದ ಮನೆಯ ಕಾಂಗ್ ತ್ರೋಲಿನ್ ಅಂಗಳದಲ್ಲಿ ಮಾತ್ರ. ನಾನು ಫೋನು ಹಿಡಿದು ಅಲ್ಲಿ ಕಾಲಿಟ್ಟ ಕೂಡಲೇ ಅವಳಿಗೆ ಸೊಪ್ಪು ಬಿಡಿಸುವ ಕೆಲಸ ಬಂದುಬಿಡುತ್ತದೆ.

ಈಗ ಸುದ್ದಿ. ನಮ್ಮ ಕುಲದವರು ಕಾಯುವ ದೇವರ ಕಾಡಿನಿಂದ ಯಾರೋ ಏನನ್ನೋ ಹೊತ್ತು ಹೋಗುತ್ತಿದ್ದಾರೆ. ತ್ರೋಲಿನ್ ಕಣ್ಣಾರೆ ಕಂಡಳಂತೆ. ಬೆಳಕು ಹರಿಯುವ ಹೊತ್ತಿಗೆ ಮಂಜಿನಲ್ಲಿ ಒಬ್ಬ ಗಂಡಸು, ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಬಿದಿರಿನ ಬುಟ್ಟಿ, ಬುಟ್ಟಿಯ ಮೇಲೆ ಎಲೆ ಮುಚ್ಚಿದೆ, ಮುಖ ಕಾಣಲಿಲ್ಲ. ಅಲ್ಲಿಂದ ಒಂದು ಒಣ ಎಲೆಯನ್ನೂ ಹೊರಗೆ ತರಬಾರದು ಅನ್ನುವುದು ನಿನಗೆ ಗೊತ್ತು. ಚಿಕ್ಕವಳಿದ್ದಾಗ ನೀನು ಮುಡಿದು ತಂದ ಹೂವನ್ನು ನಿನ್ನ ಅಜ್ಜಿ ಹೊಡೆಯುವ ಮಳೆಯಲ್ಲಿ ಕರೆದೊಯ್ದು ಅದೇ ಬಳ್ಳಿಯ ಬುಡದಲ್ಲಿ ಇಡಿಸಿದ್ದಳು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರೂ ಆ ಕಾಡಿನಿಂದ ಹೊರಡುವಾಗ ಜೇಬು ಕೊಡವುತ್ತಾರೆ. ಊರ ಮುಖ್ಯಸ್ಥ ಬಾಹ್ ಡ್ರೋ ಕೆಂಡವಾಗಿದ್ದಾನೆ. “ಶನಿವಾರ ಊರ ಗಂಡಸರ ದರ್ಬಾರು ಕೂರಿಸ್ತೀನಿ. ಕೈ ಹಾಕಿದೋನು ಯಾರೇ ಆಗ್ಲಿ, ಗಂಟುಮೂಟೆ ಕಟ್ಟಬೇಕು” ಎಂದು ಬಾವಿಕಟ್ಟೆಯಲ್ಲೇ ಕೂಗಿ ಹೇಳಿದ.

ನನಗೆ ಮೊದಲು ಎಲ್ಲರ ಮೇಲೂ ಅನುಮಾನ ಬಂತು. ತ್ರೋಲಿನ್ ಮೇಲೂ ಬಂತು, ಅಷ್ಟು ಬೆಳಿಗ್ಗೆ ಅವಳಿಗೆ ಅಲ್ಲೇನು ಕೆಲಸ? ಕಾಡು ನೋಡಲು ಬರುವ ಪ್ರವಾಸಿಗಳನ್ನು ಮಾತ್ರ ಬಿಟ್ಟೆ. ಅವರು ಕಾಡಿನಿಂದ ಏನನ್ನೂ ಒಯ್ಯುವುದಿಲ್ಲ, ತಂದು ಸುರಿದು ಹೋಗುತ್ತಾರೆ. ನೀರಿನ ಬಾಟಲಿ, ಚಿಪ್ಸ್ ಕವರು, ಮಕ್ಕಳ ಡೈಪರು ಕೂಡ. ನಾವಾದರೂ ಏನು ಮಾಡಿದೆವು? ಬೀದಿಯಲ್ಲಿ ಒಂದು ಕಡ್ಡಿ ಬಿದ್ದರೆ ಎತ್ತಿ ಬಿದಿರು ಬುಟ್ಟಿಗೆ ಹಾಕುವ ನಾವು, ಕಾಡಿನೊಳಗೆ ಬಿದ್ದದ್ದನ್ನು ಮುಟ್ಟಲಿಲ್ಲ. ಅಲ್ಲಿಂದ ಏನನ್ನೂ ತರಬಾರದಲ್ಲ! ಮುಖ ತಿರುಗಿಸಿಕೊಂಡು ಬಂದೆವು. ಕೊನೆಗೆ ನನ್ನ ಅನುಮಾನ ಬಂದು ನಿಂತದ್ದು ನಮ್ಮ ಮನೆಯಲ್ಲೇ. ಕೋಪ ಮಾಡಿಕೊಳ್ಳಬೇಡ, ನಿನ್ನ ಗಂಡ ಲಾಂಬೋಕ್ ಮೇಲೆ. ನೀನು ಹೋದಾಗಿನಿಂದ ಅವನು ನನ್ನ ಜೊತೆ ಕೂತು ಎಲೆ ಅಡಿಕೆ ಹಾಕದೆ ನಸುಕಿನಲ್ಲೇ ಮಾಯವಾಗುತ್ತಿದ್ದ. ಬರುವಾಗ ಪ್ಯಾಂಟೆಲ್ಲ ಒದ್ದೆ, ಮೊಣಕೈಯಲ್ಲಿ ತರಚು, ಸೋಪು ಹಾಕಿ ಕೈ ತೊಳೆದದ್ದೇ ತೊಳೆದದ್ದು. ಮೊದಲು ಯಾವಳನ್ನೋ ಇಟ್ಟುಕೊಂಡಿದ್ದಾನೆ ಅಂದುಕೊಂಡೆ. ಆಮೇಲೆ ತ್ರೋಲಿನ್ ಹೇಳಿದ ಬುಟ್ಟಿಯ ನೆನಪಾಯಿತು. ಪೇಟೆಯಲ್ಲಿ ಕಾಡಿನ ಸೀತಾಳೆ ಹೂವಿನ ಗಿಡಕ್ಕೆ ಒಳ್ಳೆ ಬೆಲೆ ಅಂತೆ. ಎಷ್ಟೆಂದರೂ ಬೇರೆ ಕುಲದಿಂದ ನಮ್ಮ ಮನೆ ಸೇರಿದ ಅಳಿಯ, ನಮ್ಮ ಕಾಡು ಅವನಿಗೇನು ಲೆಕ್ಕ ಎಂದುಕೊಂಡೆ.

ಮಂಗಳವಾರ ಹಿಂದೆಯೇ ಹೋದೆ. ಕೆಮ್ಮು ಬಂದಾಗಲೆಲ್ಲ ಶಾಲು ಬಾಯಿಗೆ ತುರುಕಿಕೊಂಡೆ. ಅವನು ಕಾಡಿನಿಂದ ಹೊರಬಂದು ಬುಟ್ಟಿ ಇಳಿಸುತ್ತಿದ್ದಂತೆ ಹೋಗಿ ಮೇಲೆ ಮುಚ್ಚಿದ್ದ ನಮ್ಮ ಹಿತ್ತಲ ಬಾಳೆಲೆ ಕಿತ್ತೆಸೆದೆ. ಏನಿತ್ತು ಗೊತ್ತೇ? ಬಾಟಲಿ, ಕವರು, ಹರಿದ ಚಪ್ಪಲಿ, ನಾರುವ ಡೈಪರು! ನನಗೆ ಇನ್ನೂ ನಂಬಿಕೆ ಬರಲಿಲ್ಲ. ತಳದಲ್ಲಿ ಗಿಡ ಇಟ್ಟಿರುತ್ತಾನೆ ಎಂದು ಅಲ್ಲೇ ಕೂತು ಪೂರಾ ಬುಟ್ಟಿ ಬೋರಲು ಹಾಕಿ ಕೆದಕಿದೆ. ಕಾಡಿನ ಒಂದು ಎಲೆಯೂ ಸಿಗಲಿಲ್ಲ. ಅವನು ಬೆದರಿ ನಿಂತಿದ್ದ. “ಯಾರು ಸಂಬಳ ಕೊಡ್ತಾರೋ ನಿನಗೆ?” ಎಂದು ಗದರಿದೆ. “ಯಾರೂ ಇಲ್ಲ ಮೇಯ್. ಕಾಡಿನದ್ದು ತರಬಾರದು ಅಂತ ತಾನೇ ಹಿರಿಯರು ಹೇಳಿದ್ದು? ಈ ಕವರು ಯಾವ ಮರದಲ್ಲಿ ಬಿಟ್ಟಿತ್ತು, ನೀವೇ ಹೇಳಿ” ಎಂದ. ಆಮೇಲೆ ಮೆಲ್ಲಗೆ, “ನಮ್ಮೂರಲ್ಲೂ ದೇವರ ಕಾಡಿತ್ತು. ಇಲ್ಲಿನ ಥರಾನೇ ಕಸ ಯಾರೂ ಎತ್ತಲಿಲ್ಲ. ಈಗ ಅದರ ಒರತೆ ಬಾಯಿ ತುಂಬ ಪ್ಲಾಸ್ಟಿಕ್ಕು, ನೀರೇ ಇಲ್ಲ. ದಾಪ್ಲಿನ್ ಕಾಡಿಗೆ ಹಾಗಾಗಬಾರದು ಅನ್ನಿಸ್ತು” ಎಂದ.

ನನಗೆ ಅಳು ಬಂತು ಮಗಳೇ. ಅವನೆದುರು ಕೆಮ್ಮಿನ ನೆಪ ಹೇಳಿದೆ. ಒಳ್ಳೆಯವನನ್ನು ಆರಿಸಿದ್ದೀಯ, ಇದನ್ನು ಅವನಿಗೆ ಹೇಳಬೇಡ, ತಲೆಗೇರುತ್ತದೆ. ಅವನು ಹೆಕ್ಕಿದ್ದನ್ನೆಲ್ಲ ಹಂದಿಗೂಡಿನ ಹಿಂದೆ ತಾಡಪಾಲಿನಡಿ ಕೂಡಿಟ್ಟಿದ್ದಾನೆ. ದರ್ಬಾರಿನಲ್ಲಿ ನಿಜ ಹೇಳಿಬಿಡುತ್ತೇನೆ ಅನ್ನುತ್ತಾನೆ, ಪೆದ್ದ. ತಾಡಪಾಲು ಎತ್ತಿದರೆ ಕಾಡಿನಿಂದ ತಂದದ್ದಕ್ಕೆ ಸಾಕ್ಷಿ ಅಲ್ಲೇ ಸಿಕ್ಕಿತಲ್ಲ! ಹೊರಗಿನವನು ನಮಗೆ ಕಟ್ಟಳೆ ಕಲಿಸುತ್ತಾನೆಯೇ ಎಂದು ಬಾಹ್ ಡ್ರೋ ಅವನನ್ನು ಅಂದೇ ಸಂಜೆ ಊರಾಚೆ ಬಿಡುತ್ತಾನೆ. ಹೆಂಗಸರು ಅಲ್ಲಿ ಬಾಯಿ ಬಿಡುವ ಹಾಗಿಲ್ಲ, ಇಲ್ಲದಿದ್ದರೆ ನಾನೇ ನಾಲ್ಕು ಮಾತಾಡುತ್ತಿದ್ದೆ. ಬಾಯಿಗೆ ಬೀಗ ಹಾಕಿಕೊಂಡು ಕೂರು ಎಂದು ಅವನಿಗೆ ಹೇಳಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ಕಾಲುಚೀಲ ಹಾಕಿಕೊಂಡು ಮಲಗು. ನಾಳೆ ಈ ಮನೆಯೂ ಕಾಡಿನ ಹೊಣೆಯೂ ಕಿರಿಮಗಳಾದ ನಿನ್ನ ಹೆಗಲಿಗೇ ಬರುವುದು, ಅದನ್ನು ಹೊರುವ ಶಕ್ತಿಯನ್ನು ದೇವರು ನಿನಗೆ ಕೊಡಲಿ.

ನಿನ್ನನ್ನು ಹೆತ್ತ ಮೇಯ್

ಮರೆತಿದ್ದೆ: ಸುಮೋ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಲಾಂಬೋಕ್ ಏಳುವ ಮೊದಲು ಅವನ ಬುಟ್ಟಿ ಹೊತ್ತು ನಾನೇ ಕಾಡಿಗೆ ಹೋಗಿ ತುಂಬಿಕೊಂಡು ಬಂದೆ. ಎಲೆ ಮುಚ್ಚಲಿಲ್ಲ. ತ್ರೋಲಿನ್ ಎದುರೇ ಸಿಕ್ಕಳು, ಅವಳ ಕೈಯಲ್ಲಿದ್ದ ಸೊಪ್ಪು ನೆಲಕ್ಕೆ ಬಿತ್ತು. ಶನಿವಾರ ಬುಟ್ಟಿಯನ್ನು ದರ್ಬಾರಿನ ಹೊಸ್ತಿಲಲ್ಲಿ ಇಳಿಸಿ ಪಕ್ಕದಲ್ಲೇ ಕೂರುತ್ತೇನೆ. ಬಾಯಿ ಬಿಡಬಾರದು ತಾನೇ, ಬಿಡುವುದಿಲ್ಲ. ಕಾಡು ಕಾಯುವ ಕುಲದ ಹಿರಿಯಳನ್ನು ಊರು ಬಿಡಿಸುವ ಗಂಡಸು ಯಾರೆಂದು ನೋಡೇಬಿಡೋಣ. ನನಗಿರುವ ಹೆದರಿಕೆ ಒಂದೇ. ಅವರೆದುರು ನಾನು ಒಮ್ಮೆ ಕೆಮ್ಮಿದರೂ ಕಾಡಿನ ಶಾಪ ತಟ್ಟಿತು ಅನ್ನುತ್ತಾರೆ, ಆಮೇಲೆ ಈ ಊರಲ್ಲಿ ಯಾರೂ ಅಲ್ಲಿಂದ ಒಂದು ಕವರನ್ನೂ ಎತ್ತುವುದಿಲ್ಲ. ನಿನ್ನ ಆಸ್ಪತ್ರೆಯಲ್ಲಿ ಕೆಮ್ಮಿಗೆ ಏನು ಗಟ್ಟಿ ಔಷಧಿ ಇದೆಯೋ ಅದನ್ನು ನಾಳೆಯ ಸುಮೋದಲ್ಲೇ ಕಳಿಸು. ಪೊಟ್ಟಣದ ಮೇಲೆ ಬಿಸ್ಕತ್ತು ಎಂದು ಬರೆ.